ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?

ತಲೆ ನೋಯುತ್ತಿದೆಯೆ? ಒಂದು ಮಾತ್ರೆ. ಮೈ ಬಿಸಿಯಾಗಿದೆಯೆ? ಅದೇ ಮಾತ್ರೆ. ಹಲ್ಲುನೋವು, ಸೊಂಟನೋವು, ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದ ರಾತ್ರಿಯ ಜ್ವರ, ಎಲ್ಲಕ್ಕೂ ಅದೇ. ಅದರ ಹೆಸರು ಪ್ಯಾರಾಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಡೋಲೋ ಎಂದು ಬೇರೆ ಬೇರೆ ಹೆಸರುಗಳಿದ್ದರೂ ಒಳಗಿರುವ ಔಷಧಿ ಒಂದೇ. ಔಷಧಿ ಅಂಗಡಿಯಲ್ಲಷ್ಟೇ ಅಲ್ಲ, ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಬೆಂಕಿಪೊಟ್ಟಣದ ಪಕ್ಕದಲ್ಲಿ ಅದಕ್ಕೊಂದು ಜಾಗವಿದೆ.

ಮಾತ್ರೆ ನುಂಗಿ ನೀರು ಕುಡಿದರೆ ನಮ್ಮ ಕೆಲಸ ಮುಗಿಯಿತು. ಮಾತ್ರೆಯ ಕೆಲಸ ಶುರುವಾಗುವುದು ಆಗ. ಅದು ಎಲ್ಲಿ ಕರಗುತ್ತದೆ, ಹೇಗೆ ರಕ್ತಕ್ಕೆ ಸೇರುತ್ತದೆ, ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಂಡರೆ ವೈದ್ಯರು ಹೇಳುವ 'ಆರು ಗಂಟೆಗೊಂದು' ಎಂಬ ಮಾತಿನ ಅರ್ಥ ಗೊತ್ತಾಗುತ್ತದೆ. ತಿಳಿಯದೆ ಹೋದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಲೆಕ್ಕ ತಪ್ಪಿದ ಲೆಕ್ಕಿಗರು

ಒಂದು ಮಳೆಗಾಲದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಸುಮಾರು ಐವತ್ತು ವರ್ಷದ ಒಬ್ಬರು ಬಂದರು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ನಾಲ್ಕು ದಿನಗಳಿಂದ ಜ್ವರ, ಮೈಕೈ ನೋವು. ಜ್ವರ ಈಗ ಕಡಿಮೆಯಾಗಿದೆ, ಆದರೆ ಹೊಟ್ಟೆ ತೊಳಸುತ್ತದೆ, ಅನ್ನ ಕಂಡರಾಗದು, ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದರೆ ನೋವು. "ಏನೇನು ಮಾತ್ರೆ ತೆಗೆದುಕೊಂಡಿರಿ?" ಎಂದು ಕೇಳಿದೆ. ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದರು.

ಅದರಲ್ಲಿ ಮೂರು ಬಗೆಯ ಮಾತ್ರೆಗಳಿದ್ದವು. ಮೊದಲನೆಯದು ಜ್ವರದ್ದು, 650 ಮಿಲಿಗ್ರಾಂ ಪ್ಯಾರಾಸಿಟಮಾಲ್; ದಿನಕ್ಕೆ ಐದು ನುಂಗಿದ್ದರು. ಎರಡನೆಯದು ನೆಗಡಿಯದು. ಅದರಲ್ಲಿ ನೆಗಡಿಯ ಔಷಧಿಗಳ ಜೊತೆಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್, ದಿನಕ್ಕೆ ಮೂರು. ಮೂರನೆಯದು ಮೈಕೈ ನೋವಿನದು. ಅದರಲ್ಲಿ ಅಸಿಕ್ಲೋಫೆನ್ಯಾಕ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್; ದಿನಕ್ಕೆ ಎರಡು. ನಾನು ಚೀಟಿಯ ಹಿಂಭಾಗದಲ್ಲಿ ಕೂಡಿಸಿ ತೋರಿಸಿದೆ. 3,250, 1,500, 650; ಒಟ್ಟು ದಿನಕ್ಕೆ 5,400 ಮಿಲಿಗ್ರಾಂ. ಹೀಗೆ ಮೂರು ದಿನ, ಅದೂ ಗಂಜಿ ಸಹ ಸರಿಯಾಗಿ ಕುಡಿಯದೆ. ಆರೋಗ್ಯವಂತ ವಯಸ್ಕರು ಸಹ ಒಂದು ದಿನದಲ್ಲಿ ದಾಟಬಾರದ ಗೆರೆ 4,000 ಮಿಲಿಗ್ರಾಂ.

"ನಾನು ಕುಡಿಯುವವನಲ್ಲ ಡಾಕ್ಟ್ರೇ, ನನಗೆ ಲಿವರ್ ತೊಂದರೆ ಹೇಗೆ ಬಂತು?" ಎಂದು ಅವರು ಕೇಳಿದರು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಹಲವು ಪಟ್ಟು ಏರಿದ್ದವು. ಅಂದೇ ಆಸ್ಪತ್ರೆಗೆ ಕಳುಹಿಸಿದೆ. ಬೇರೆಯವರ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ಬರೆಯುವ ಮನುಷ್ಯ, ತಾನು ನುಂಗಿದ್ದನ್ನು ಕೂಡಿಸಿ ನೋಡಿರಲಿಲ್ಲ. ಇದು ಅವರೊಬ್ಬರ ತಪ್ಪಲ್ಲ. ಮೂರು ಬಣ್ಣದ, ಮೂರು ಹೆಸರಿನ ಮಾತ್ರೆಗಳಲ್ಲಿ ಒಂದೇ ಔಷಧಿ ಇದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹೊಟ್ಟೆಯಿಂದ ರಕ್ತಕ್ಕೆ

ಈಗ ಮಾತ್ರೆಯ ಜೊತೆಗೇ ಹೋಗೋಣ. ಮಾತ್ರೆ ಜಠರದಲ್ಲಿ ಕರಗುತ್ತದೆ. ಆದರೆ ಅಲ್ಲಿ ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜಠರದಿಂದ ಸಣ್ಣ ಕರುಳಿಗೆ ಇಳಿದ ಮೇಲೆಯೇ ಹೀರಿಕೆ ಚುರುಕಾಗುವುದು. ಆದ್ದರಿಂದ ಜಠರ ಎಷ್ಟು ಬೇಗ ಖಾಲಿಯಾಗುತ್ತದೋ ಅಷ್ಟು ಬೇಗ ಔಷಧಿ ರಕ್ತಕ್ಕೆ ಹೋಗುತ್ತದೆ. ಬರಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಶಿಖರ ಮುಟ್ಟುತ್ತದೆ. ಹೊಟ್ಟೆತುಂಬ ಉಂಡ ಮೇಲೆ ನುಂಗಿದರೆ ಇನ್ನಷ್ಟು ತಡ. ಅರೆತಲೆನೋವು ಬಂದಾಗ ಜಠರವೇ ಮಂದವಾಗುತ್ತದೆ. ಆದ್ದರಿಂದಲೇ ಅಂಥವರಲ್ಲಿ ಅನೇಕರು "ಮಾತ್ರೆ ಹತ್ತುವುದೇ ಇಲ್ಲ" ಎನ್ನುವುದು.

ಕರುಳಿನಿಂದ ಹೊರಟ ರಕ್ತ ನೇರವಾಗಿ ಮೈಯೆಲ್ಲಾ ಸುತ್ತುವುದಿಲ್ಲ. ಮೊದಲು ಯಕೃತ್ತಿನ ಮೂಲಕ ಹಾಯಬೇಕು. ಹಳ್ಳಿಗೆ ಬರುವ ಸರಕಿಗೆ ಸುಂಕದ ಕಟ್ಟೆ ಇದ್ದ ಹಾಗೆ. ಅಲ್ಲಿ ಒಂದು ಪಾಲು ಕಳೆದು, ಉಳಿದ ಮುಕ್ಕಾಲು ಪಾಲಿಗೂ ಹೆಚ್ಚು ಔಷಧಿ ಮೈಗೆ ಹಂಚಿಕೆಯಾಗುತ್ತದೆ. ಅದು ಮಿದುಳನ್ನು ಮುಟ್ಟಿ, ಜ್ವರ ಮತ್ತು ನೋವಿಗೆ ಕಾರಣವಾದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಗ್ಗಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರಕ್ತದಲ್ಲಿ ಔಷಧಿಯ ಮಟ್ಟ ಏರಿದ ಕೂಡಲೇ ಜ್ವರ ಇಳಿಯುವುದಿಲ್ಲ. ಮೈ ತಣ್ಣಗಾಗಲು ಇನ್ನೂ ಒಂದೆರಡು ಗಂಟೆ ಬೇಕಾಗಬಹುದು. "ಒಂದು ಗಂಟೆಯಾಯಿತು, ಜ್ವರ ಹಾಗೇ ಇದೆ" ಎಂದು ಇನ್ನೊಂದು ಮಾತ್ರೆ ಕೊಡುವವರು ಈ ಮಾತನ್ನು ನೆನಪಿಡಬೇಕು. ಮೊದಲ ಮಾತ್ರೆ ಸೋತಿಲ್ಲ, ಅದಿನ್ನೂ ದಾರಿಯಲ್ಲಿದೆ.

ಅರ್ಧ, ಕಾಲು, ಅರೆಕಾಲು

ಒಳಗೆ ಬಂದದ್ದು ಹೊರಗೂ ಹೋಗಬೇಕಲ್ಲ? ಆರೋಗ್ಯವಂತರ ರಕ್ತದಲ್ಲಿ ಪ್ಯಾರಾಸಿಟಮಾಲ್ ಸುಮಾರು ಎರಡರಿಂದ ಮೂರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 9 ಗಂಟೆಗೆ ಮಟ್ಟ ಶಿಖರದಲ್ಲಿದ್ದರೆ ಹನ್ನೊಂದೂವರೆಗೆ ಅರ್ಧ, ಮಧ್ಯಾಹ್ನ ಎರಡಕ್ಕೆ ಕಾಲು, ನಾಲ್ಕೂವರೆಗೆ ಅರೆಕಾಲು. ಇದೇ ಕಾರಣಕ್ಕೆ ಎರಡು ಗುಳಿಗೆಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು ಗಂಟೆ ಬಿಡಬೇಕು ಎನ್ನುವುದು. ಹಿಂದಿನದು ಬಹುಪಾಲು ಜಾಗ ಖಾಲಿ ಮಾಡಿದ ಮೇಲೆ ಮುಂದಿನದು ಬರಬೇಕು.

"ಮಾತ್ರೆ ಉಷ್ಣ, ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಜ್ವರ ಬಂದವರಿಗೆ ಮಜ್ಜಿಗೆ, ಎಳನೀರು, ನೀರು ಎಲ್ಲವೂ ಒಳ್ಳೆಯದೇ. ಆದರೆ ಹೆಚ್ಚು ನೀರು ಕುಡಿದರೆ ಮಾತ್ರೆ ಬೇಗ ತೊಳೆದುಹೋಗುತ್ತದೆ ಎಂಬುದು ಸರಿಯಲ್ಲ. ಪ್ಯಾರಾಸಿಟಮಾಲ್ ಇದ್ದ ರೂಪದಲ್ಲೇ ಮೂತ್ರಕ್ಕೆ ಹೋಗುವುದು ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಮಿಕ್ಕದ್ದನ್ನೆಲ್ಲ ಯಕೃತ್ತು ಮೊದಲು ಬದಲಾಯಿಸಿ ಕೊಡಬೇಕು, ಆಮೇಲೆಯೇ ಮೂತ್ರಪಿಂಡ ಹೊರಹಾಕಬೇಕು. ಈ ಕೆಲಸದ ವೇಗ ಯಕೃತ್ತಿನ ಕೈಯಲ್ಲಿದೆ, ನೀರಿನ ಲೋಟದ ಕೈಯಲ್ಲಿಲ್ಲ.

ಎರಡು ತೂಬು, ಒಂದು ಕಿರುಗಾಲುವೆ

ನಮ್ಮ ಊರ ಕೆರೆಯನ್ನು ನೆನಪಿಸಿಕೊಳ್ಳಿ. ಮಳೆಯ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ. ಯಕೃತ್ತಿನಲ್ಲಿ ಈ ಔಷಧಿಗೆ ಎರಡು ದೊಡ್ಡ ತೂಬುಗಳಿವೆ. ಒಂದರಲ್ಲಿ ಯಕೃತ್ತು ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲವನ್ನು ಅಂಟಿಸುತ್ತದೆ. ಅರ್ಧಕ್ಕೂ ಹೆಚ್ಚು ಪಾಲು ಹೀಗೆ ಹೋಗುತ್ತದೆ. ಇನ್ನೊಂದರಲ್ಲಿ ಸಲ್ಫೇಟನ್ನು ಅಂಟಿಸುತ್ತದೆ. ಸುಮಾರು ಮೂರನೆಯ ಒಂದು ಪಾಲು ಹೀಗೆ. ಅಂಟಿಸಿಕೊಂಡ ಔಷಧಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಯಾರಿಗೂ ತೊಂದರೆ ಕೊಡದೆ ಮೂತ್ರದಲ್ಲಿ ಹೊರಟುಹೋಗುತ್ತದೆ. ನುಂಗಿದ ಮಾತ್ರೆಯ ಬಹುಪಾಲು ಒಂದು ದಿನದೊಳಗೆ ಹೀಗೆ ಮೈಬಿಟ್ಟಿರುತ್ತದೆ.

ಆದರೆ ಮೂರನೆಯದೊಂದು ಕಿರುಗಾಲುವೆಯೂ ಇದೆ. ನೂರಕ್ಕೆ ಐದರಿಂದ ಹತ್ತು ಪಾಲು ಅದರಲ್ಲಿ ಹರಿಯುತ್ತದೆ. ಅಲ್ಲಿ ಔಷಧಿ ಒಂದು ವಿಷವಸ್ತುವಾಗಿ ಬದಲಾಗುತ್ತದೆ. ಗಾಬರಿ ಬೇಡ, ಸರಿಯಾದ ಪ್ರಮಾಣದಲ್ಲಿ ಮಾತ್ರೆ ನುಂಗಿದ ಪ್ರತಿಯೊಬ್ಬರಲ್ಲೂ ಇದು ನಡೆಯುತ್ತದೆ, ಏನೂ ಆಗುವುದಿಲ್ಲ. ಯಾಕೆಂದರೆ ಆ ಕಾಲುವೆಯ ಬಾಯಲ್ಲೇ ಗ್ಲುಟಾಥಿಯೋನ್ ಎಂಬ ನೀರುಗಂಟಿ ನಿಂತಿರುತ್ತಾನೆ. ಬಂದ ವಿಷವನ್ನು ಹಿಡಿದು, ನಿರಪಾಯಗೊಳಿಸಿ, ಹೊರಗೆ ಸಾಗಹಾಕುತ್ತಾನೆ.

ಮಳೆ ಹೆಚ್ಚಾದರೆ? ದೊಡ್ಡ ತೂಬುಗಳಿಗೂ ಒಂದು ಮಿತಿ ಇದೆ. ಅವು ತುಂಬಿದ ಮೇಲೆ ಕಿರುಗಾಲುವೆಗೆ ನುಗ್ಗುವ ಪಾಲು ಹೆಚ್ಚುತ್ತದೆ. ಗ್ಲುಟಾಥಿಯೋನ್ ದಾಸ್ತಾನು ಬಹುಪಾಲು ಬರಿದಾದಾಗ ಹಿಡಿಯುವವರಿಲ್ಲದ ವಿಷ ಯಕೃತ್ತಿನ ಜೀವಕೋಶಗಳಿಗೇ ಅಂಟಿಕೊಂಡು ಅವನ್ನು ಕೊಲ್ಲುತ್ತದೆ.

ನೀರುಗಂಟಿಗೆ ಬಲ ಬರುವುದು ನಾವು ತಿನ್ನುವ ಆಹಾರದಿಂದ, ಮುಖ್ಯವಾಗಿ ಬೇಳೆ, ಹಾಲು, ಮೊಟ್ಟೆಯಂಥ ಸಾರಜನಕ ಪದಾರ್ಥಗಳಿಂದ. ದಿನಗಟ್ಟಲೆ ಊಟ ಬಿಟ್ಟವರಲ್ಲಿ, ತೀರಾ ಸೊರಗಿದವರಲ್ಲಿ ದಾಸ್ತಾನು ಮೊದಲೇ ಕಡಿಮೆ. ಪ್ರತಿದಿನ ಮದ್ಯ ಕುಡಿಯುವವರಲ್ಲಿ ಎರಡು ಪೆಟ್ಟು: ಕಿರುಗಾಲುವೆ ಅಗಲವಾಗಿರುತ್ತದೆ, ನೀರುಗಂಟಿಯೂ ಸೋತಿರುತ್ತಾನೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳನ್ನು ನುಂಗುವವರೂ ವೈದ್ಯರನ್ನು ಕೇಳಿಯೇ ಪ್ಯಾರಾಸಿಟಮಾಲ್ ಪ್ರಮಾಣ ನಿರ್ಧರಿಸಬೇಕು.

ನಮ್ಮ ಲೆಕ್ಕಿಗರಿಗೆ ಆದದ್ದು ಇದೇ. ಮಳೆ ಹೆಚ್ಚು, ದಾಸ್ತಾನು ಕಡಿಮೆ. ಅವರು ಮದ್ಯ ಮುಟ್ಟದಿದ್ದರೂ ಮೂರು ದಿನದ ಉಪವಾಸ ತನ್ನ ಕೆಲಸ ಮಾಡಿತ್ತು.

ಮೂತ್ರದ ಪರೀಕ್ಷೆ ತೋರಿಸಿಕೊಟ್ಟ ಔಷಧಿ

ಪ್ಯಾರಾಸಿಟಮಾಲ್ ನಮ್ಮ ಮನೆಗೆ ಬಂದದ್ದೇ 'ಔಷಧಿ ಒಳಗೆ ಹೋಗಿ ಏನಾಗುತ್ತದೆ' ಎಂಬ ಪ್ರಶ್ನೆಯ ದಾರಿಯಲ್ಲಿ. ಅಮೆರಿಕದ ಮೋರ್ಸ್ ಎಂಬ ರಸಾಯನಶಾಸ್ತ್ರಜ್ಞ 1878ರಲ್ಲಿ ಇದನ್ನು ತಯಾರಿಸಿದ. ಜರ್ಮನಿಯ ಫಾನ್ ಮೇರಿಂಗ್ 1893ರಲ್ಲಿ ರೋಗಿಗಳ ಮೇಲೆ ಬಳಸಿಯೂ ನೋಡಿದ. ಆದರೂ ಅದು ಮೂಲೆ ಸೇರಿತು. ಆ ಕಾಲದಲ್ಲಿ 1886ರಿಂದ ಬಳಕೆಗೆ ಬಂದ ಅಸಿಟನಿಲೈಡ್ ಎಂಬ ಇನ್ನೊಂದು ಜ್ವರದ ಔಷಧಿ ಇತ್ತು. ಅದನ್ನು ತೆಗೆದುಕೊಂಡವರಲ್ಲಿ ಕೆಲವರ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತಿತ್ತು. ಕಾರಣ ಹುಡುಕಲು ಹೊರಟ ನ್ಯೂಯಾರ್ಕಿನ ಬ್ರೋಡಿ ಮತ್ತು ಅಕ್ಸೆಲ್‌ರಾಡ್, ಆ ಔಷಧಿ ಮೈಯೊಳಗೆ ಹೋದ ಮೇಲೆ ಬಹುಪಾಲು ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ, ನೋವು ಶಮನ ಮಾಡುವುದು ಅದೇ ಎಂದು 1948ರಲ್ಲಿ ತೋರಿಸಿದರು. ಹಾಗಾದರೆ ನೇರವಾಗಿ ಅದನ್ನೇ ಕೊಡಬಾರದೇಕೆ? ಅಮೆರಿಕದಲ್ಲಿ 1955ರಲ್ಲಿ, ಬ್ರಿಟನ್ನಿನಲ್ಲಿ 1956ರಲ್ಲಿ ಅದು ಮಾರುಕಟ್ಟೆಗೆ ಬಂತು.

ಹತ್ತು ವರ್ಷಗಳ ಬಳಿಕ, 1966ರಲ್ಲಿ, ಅತಿಯಾದ ಪ್ರಮಾಣದಿಂದ ಯಕೃತ್ತು ಹಾಳಾದ ವರದಿ ಬ್ರಿಟನ್ನಿನಿಂದ ಬಂತು. 1970ರ ದಶಕದಲ್ಲಿ ಅದಕ್ಕೆ ಪ್ರತಿಮದ್ದೂ ಸಿಕ್ಕಿತು. ಅದರ ಹೆಸರು ಅಸಿಟೈಲ್‌ಸಿಸ್ಟಿನ್. ಅದು ಮಾಡುವುದು ಇಷ್ಟೇ: ಗ್ಲುಟಾಥಿಯೋನ್ ತಯಾರಿಸಲು ಬೇಕಾದ ಕಚ್ಚಾಸಾಮಗ್ರಿಯನ್ನು ಒದಗಿಸುತ್ತದೆ, ಸೋತ ನೀರುಗಂಟಿಗೆ ಮತ್ತೆ ಬಲ ತುಂಬುತ್ತದೆ. ಬ್ರಿಟನ್ 1998ರಲ್ಲಿ ಒಂದು ಪೊಟ್ಟಣದಲ್ಲಿ ಮಾರಬಹುದಾದ ಮಾತ್ರೆಗಳ ಸಂಖ್ಯೆಗೇ ಮಿತಿ ಹಾಕಿತು.

ಮೋಸದ ಮೊದಲ ದಿನ

ಪ್ರಮಾಣ ಮೀರಿ ನುಂಗಿದವರ ವಿಷಯದಲ್ಲಿ ಮನೆಯವರು ಮೋಸಹೋಗುವುದು ಮೊದಲ ದಿನ. ಸ್ವಲ್ಪ ವಾಕರಿಕೆ, ಸ್ವಲ್ಪ ಬೆವರು, ಅಷ್ಟೇ. ಕೆಲವರಿಗೆ ಅದೂ ಇರುವುದಿಲ್ಲ. ಪ್ರಜ್ಞೆ ತಪ್ಪುವುದಿಲ್ಲ, ಮಾತು ತೊದಲುವುದಿಲ್ಲ. "ಏನೂ ಆಗಿಲ್ಲ, ಮಲಗಲಿ ಬಿಡಿ" ಎನ್ನುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಒಳಗೆ ದಾಸ್ತಾನು ಬರಿದಾಗುತ್ತಿರುತ್ತದೆ. ಎರಡನೆಯ ದಿನ ಬಲಪಕ್ಕೆಯ ಕೆಳಗೆ ನೋವು, ಮೂರು–ನಾಲ್ಕನೆಯ ದಿನ ಕಣ್ಣು ಹಳದಿ, ವಾಂತಿ, ರಕ್ತಸ್ರಾವ, ಮಂಪರು. ಆಗ ಓಡಿದರೆ ತಡವಾಗಿರುತ್ತದೆ.

ಪ್ರತಿಮದ್ದು ನುಂಗಿದ ಎಂಟು ಗಂಟೆಯೊಳಗೆ ಸಿಕ್ಕಿದರೆ ಯಕೃತ್ತು ಬಹುಮಟ್ಟಿಗೆ ಪೂರ್ತಿ ಉಳಿಯುತ್ತದೆ. ತಡವಾದರೂ ಕೊಡುತ್ತಾರೆ, ಉಪಯೋಗವೂ ಆಗುತ್ತದೆ, ಆದರೆ ಮೊದಲಿನ ಭರವಸೆ ಇರುವುದಿಲ್ಲ. ಆದ್ದರಿಂದ ತಿಳಿಯದೆ ಹೆಚ್ಚು ನುಂಗಿರಲಿ, ಮಗು ಶೀಶೆ ಎತ್ತಿ ಕುಡಿದಿರಲಿ, ಲಕ್ಷಣಕ್ಕಾಗಿ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಿ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಮಾತ್ರೆಯ ಸ್ಟ್ರಿಪ್ ಅಥವಾ ಶೀಶೆಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಮನಸ್ಸು ನೊಂದು ಯಾರಾದರೂ ನುಂಗಿದ್ದರೆ ಬೈಯುವ, ಮುಚ್ಚಿಡುವ ಹೊತ್ತು ಅದಲ್ಲ. ಮೊದಲು ಆಸ್ಪತ್ರೆ. ಮನಸ್ಸಿನ ಮಾತು ಆಡಲು 14416 ಎಂಬ ಟೆಲಿಮಾನಸ್ ಸಹಾಯವಾಣಿ ಕನ್ನಡದಲ್ಲೂ ಇದೆ.

ಅಜ್ಜಿಗೊಂದು ಲೆಕ್ಕ, ಮಗುವಿಗೊಂದು ಲೆಕ್ಕ

ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬುದು ಸಾಮಾನ್ಯ ಅಳತೆ. ಎಂಬತ್ತು ಕಿಲೋ ತೂಗುವ ಮೊಮ್ಮಗ ಒಂದು ಸಲಕ್ಕೆ 1,000 ಮಿಲಿಗ್ರಾಂ ತಡೆದುಕೊಂಡಾನು. ನಲವತ್ತು ಕಿಲೋ ತೂಗುವ ಅಜ್ಜಿಗೆ 500 ಸಾಕು. 'ದೊಡ್ಡ ಮಾತ್ರೆ ಬೇಗ ಗುಣ' ಎಂಬ ಲೆಕ್ಕ ಇಲ್ಲಿ ನಡೆಯದು.

ಮಕ್ಕಳ ವಿಷಯದಲ್ಲಿ ತಪ್ಪುವುದು ಶೀಶೆಯಲ್ಲಿ. 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ ಇದೆ, 250 ಮಿಲಿಗ್ರಾಂ ಇರುವ ಸಿರಪ್ಪೂ ಇದೆ. ಎಳೆಮಕ್ಕಳಿಗೆ ಕೊಡುವ ಹನಿಗಳಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಹೋದ ಸಲ ಸಿರಪ್ ಕೊಟ್ಟ ನೆನಪಿನಲ್ಲಿ ಈ ಸಲ ಹನಿಯ ಶೀಶೆಯಿಂದ ಒಂದು ಚಮಚ ಕುಡಿಸಿದರೆ ಎಂಟು ಕಿಲೋ ಕೂಸಿಗೆ ಒಮ್ಮೆಗೇ 500 ಮಿಲಿಗ್ರಾಂ ಹೋಯಿತು. ಅದಕ್ಕೆ ಬೇಕಾದದ್ದು 80ರಿಂದ 120 ಮಾತ್ರ. ಆದ್ದರಿಂದ ಶೀಶೆಯ ಮೇಲಿನ ಅಂಕಿ ಓದದೆ ಕೊಡಬೇಡಿ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಶೀಶೆಯ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಡ್ರಾಪರ್ ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಔಷಧಿ ಕೊಡದೆ ನೇರವಾಗಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಡೆಂಗಿ ಜ್ವರಕ್ಕೆ ಪ್ಯಾರಾಸಿಟಮಾಲನ್ನೇ ಹೇಳುತ್ತೇವೆ. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಇದು ಹೆಚ್ಚಿಸುವುದಿಲ್ಲ. ಆದರೆ ಡೆಂಗಿ ಜ್ವರ ಹಟಮಾರಿ, ಮಾತ್ರೆಗೆ ಪೂರ್ತಿ ಇಳಿಯುವುದಿಲ್ಲ. ಡೆಂಗಿಯಲ್ಲಿ ಯಕೃತ್ತಿಗೂ ಏಟು ಬೀಳುವುದುಂಟು. ಇಳಿಯಲಿಲ್ಲವೆಂದು ಎರಡು ಗಂಟೆಗೊಂದು ನುಂಗಿದರೆ ಗಾಯದ ಮೇಲೆ ಬರೆ ಎಳೆದಂತೆ. ನಡುವೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ.

ನೆನಪಿಡಿ

* ಯಾವ ಮಾತ್ರೆಯಾದರೂ ಹಿಂಭಾಗದ ಸಣ್ಣ ಅಕ್ಷರ ಓದಿ. ನೆಗಡಿ, ಮೈಕೈ ನೋವು, ಹೊಟ್ಟೆ ಹಿಡಿತದ ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಓದಲಾಗದಿದ್ದರೆ ಅಂಗಡಿಯವರನ್ನೇ ಕೇಳಿ.

* ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4,000 ಮಿಲಿಗ್ರಾಂ ಕೊನೆಯ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ. ವೈದ್ಯರ ಸಲಹೆ ಇಲ್ಲದಾಗ 3,000ದೊಳಗೆ ಇರಿ.

* ಎರಡು ಗುಳಿಗೆಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡಿ.

* ಬರಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಿದರೆ ತೊಂದರೆಯಿಲ್ಲ. ದಿನಗಟ್ಟಲೆ ಊಟ ಬಿಟ್ಟು ನುಂಗುತ್ತಲೇ ಇರುವುದು ಅಪಾಯ. ಗಂಜಿಯಾದರೂ, ತಿಳಿಸಾರು ಅನ್ನವಾದರೂ ಸರಿ, ಸ್ವಲ್ಪ ತಿನ್ನಿ.

* ಕುಡಿತದ ಅಭ್ಯಾಸವಿರುವವರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

* ಮೂರು ದಿನ ದಾಟಿದ ಜ್ವರಕ್ಕೆ ಇನ್ನೊಂದು ಸ್ಟ್ರಿಪ್ ಬೇಕಿಲ್ಲ, ಪರೀಕ್ಷೆ ಬೇಕು.

* ಔಷಧಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಇಷ್ಟೆಲ್ಲ ಓದಿ ಮಾತ್ರೆಗೆ ಹೆದರಬೇಕಾಗಿಲ್ಲ. ಅಳತೆಯಲ್ಲಿ ಬಳಸಿದರೆ ಇದರಷ್ಟು ಸಾಧುವಾದ ನೋವಿನ ಔಷಧಿ ಕಡಿಮೆ; ಜಠರವನ್ನು ಕೆರೆಯುವುದಿಲ್ಲ, ಬಡವರ ಕೈಗೂ ಎಟುಕುತ್ತದೆ. ನನ್ನ ಲೆಕ್ಕಿಗರು ಆಸ್ಪತ್ರೆಯಲ್ಲಿ ಪ್ರತಿಮದ್ದು ಪಡೆದು, ವಾರದೊಳಗೆ ಮನೆಗೆ ಬಂದರು. ಮುಂದಿನ ವರ್ಷ ಅವರ ಮಗಳಿಗೆ ಜ್ವರ ಬಂದಾಗ ನೋಡಲು ಹೋಗಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಪೆನ್ಸಿಲಿನಿಂದ ಬರೆದಿತ್ತು: ಬೆಳಿಗ್ಗೆ 7, 500, ಮಧ್ಯಾಹ್ನ 1, 500. ಕೆಳಗೆ ಒಂದು ಗೆರೆ ಎಳೆದು ಒಟ್ಟು ಮೊತ್ತ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅಷ್ಟು ಜಾಗವಿದೆ.